ಕ್ಯಾಲ್ಸಿಯಂ ಕ್ಲೋರೈಡ್‌ಗೆ ‘ಡೈ’ ಬೇಡ, ಕಾರ್ಬನ್ ಡೈಆಕ್ಸೈಡ್‌ಗೆ ಬೇಕು. ಯಾಕೆ?

ಮರಳಿ_ಶಾಲೆಗೆ:

ನಾನು ಓದಿದ್ದು ಕಾಮರ್ಸ್. ಈಗ ಮಗಳು ಹೈಸ್ಕೂಲು, ಅವಳ ಜೊತೆ ನಾನೂ ಕೆಮಿಸ್ಟ್ರಿ ಓದುತ್ತಿದ್ದೇನೆ. ಪರಮಾಣು, ಎಲೆಕ್ಟ್ರಾನ್, ವೇಲೆನ್ಸಿ (ಒಂದು ಪರಮಾಣು ಎಷ್ಟು ಬಂಧ ಕಟ್ಟಬಲ್ಲದು ಅನ್ನುವುದು) ತನಕ ಸಲೀಸಾಗಿ ಬಂದೆವು. ಸಂಯುಕ್ತಗಳಿಗೆ ಹೆಸರಿಡುವ ಪಾಠಕ್ಕೆ ಬಂದು ಇಬ್ಬರೂ ನಿಂತುಬಿಟ್ಟಿದ್ದೇವೆ.

ಒಂದು ಕ್ಯಾಲ್ಸಿಯಂ, ಎರಡು ಕ್ಲೋರಿನ್ ಸೇರಿದರೆ ಕ್ಯಾಲ್ಸಿಯಂ ಕ್ಲೋರೈಡ್. ಎರಡು ಅನ್ನುವುದು ಹೆಸರಿನಲ್ಲಿ ಎಲ್ಲೂ ಇಲ್ಲ. ಒಂದು ಕಾರ್ಬನ್, ಎರಡು ಆಕ್ಸಿಜನ್ ಸೇರಿದರೆ ಕಾರ್ಬನ್ ಡೈಆಕ್ಸೈಡ್. ಇಲ್ಲಿ ಎರಡು ಇದೆ. ಒಂದು ಕಬ್ಬಿಣ, ಎರಡು ಕ್ಲೋರಿನ್ ಆದರೆ ಐರನ್ ಟೂ ಕ್ಲೋರೈಡ್. ಸರಿ, ಟೂ ಅಂದರೆ ಎರಡು ಕ್ಲೋರಿನ್ ಅಂದುಕೊಂಡೆವು. ಮುಂದಿನ ಪುಟದಲ್ಲಿ ಒಂದು ತಾಮ್ರ, ಒಂದು ಆಕ್ಸಿಜನ್ ಇರುವುದಕ್ಕೆ ಕಾಪರ್ ಟೂ ಆಕ್ಸೈಡ್ ಅಂತಿದೆ! ಅದರಲ್ಲಿ ಎರಡು ಏನಿದೆ?

ಗೈಡಿನಲ್ಲಿ ನೋಡಿದರೆ ‘ಅಯಾನಿಕ ಬಂಧ ಆದರೆ ಡೈ, ಟ್ರೈ ಬೇಡ, ಸಹವೇಲೆನ್ಸೀಯ ಬಂಧ ಆದರೆ ಬೇಕು’ ಅಂತ ಒಂದೇ ಸಾಲು. ಎಲೆಕ್ಟ್ರಾನ್ ಕೊಟ್ಟು ತೆಗೆದುಕೊಂಡರೆ ಅಯಾನಿಕ, ಹಂಚಿಕೊಂಡರೆ ಸಹವೇಲೆನ್ಸೀಯ, ಅಷ್ಟು ಗೊತ್ತು. ಸೂತ್ರ ನೋಡಿದ ಮಾತ್ರಕ್ಕೆ ಒಳಗಿನ ಬಂಧ ಯಾವುದು ಅಂತ ಹೇಗೆ ಗೊತ್ತಾಗಬೇಕು? ಅದೂ ಅಲ್ಲದೆ ಟೈಟಾನಿಯಂ ಡೈಆಕ್ಸೈಡ್, ಮ್ಯಾಂಗನೀಸ್ ಡೈಆಕ್ಸೈಡ್ ಅಂತ ಎಲ್ಲ ಕಡೆ ಓದುತ್ತೇವಲ್ಲ, ಅವು ಲೋಹ ಅಲ್ವಾ?

ದಯವಿಟ್ಟು ‘ಬಾಯಿಪಾಠ ಮಾಡಿ’ ಅಂತ ಮಾತ್ರ ಹೇಳಬೇಡಿ. ಅದು ನಮಗೂ ಗೊತ್ತಿದೆ.

ಕೊನೆಬೆಂಚು:

ಅಯ್ಯೋ, ಇಷ್ಟೊಂದು ತಲೆ ಕೆಡಿಸಿಕೊಳ್ಳಬೇಡಿ ಮೇಡಂ. ಎರಡೂ ಅಲೋಹ ಆದರೆ ಡೈ, ಟ್ರೈ ಹಾಕಿ. ಒಂದು ಲೋಹ, ಒಂದು ಅಲೋಹ ಆದರೆ ಹಾಕಬೇಡಿ. ಆವರ್ತ ಕೋಷ್ಟಕದ ನಡುಭಾಗದ ಲೋಹ, ಅಂದರೆ ಕಬ್ಬಿಣ, ತಾಮ್ರದಂಥದ್ದು ಬಂದರೆ ರೋಮನ್ ಅಂಕಿ. ಪರೀಕ್ಷೆಗೆ ಇಷ್ಟು ಸಾಕು. ಟೈಟಾನಿಯಂ ಡೈಆಕ್ಸೈಡ್ ಎಲ್ಲ ಅಪವಾದ, ಬಿಟ್ಟಾಕಿ.

ಬಾಟಲಿಚೀಟಿ:

ಮೇಲಿನವರು ಹೇಳಿದ್ದು ಪರೀಕ್ಷೆಗೆ ನಡೆಯುತ್ತದೆ. ಆದರೆ ಮೇಡಂ ಕೇಳಿದ್ದು ಯಾಕೆ ಅಂತ. ಅಲ್ಲದೆ ‘ಅಪವಾದ, ಬಿಟ್ಟಾಕಿ’ ಅನ್ನುವ ಮಾತು ಕೇಳಿದರೆ ನನಗೆ ಸ್ವಲ್ಪ ಮೈ ಉರಿಯುತ್ತದೆ.

ನಾನು ಪಾಠ ಮಾಡುವವನಲ್ಲ. ಪ್ರಯೋಗಾಲಯದ ಸ್ಟೋರ್ ನೋಡಿಕೊಳ್ಳುವವನು. ಕಪಾಟಿನಲ್ಲಿ ಬಾಟಲಿ ಜೋಡಿಸುವುದು, ಚೀಟಿ ಮಾಸಿದರೆ ಹೊಸದು ಅಂಟಿಸುವುದು, ಯಾರಾದರೂ ಬಂದು ‘ಐರನ್ ಕ್ಲೋರೈಡ್ ಕೊಡಿ’ ಅಂದರೆ ‘ಯಾವುದು?’ ಅಂತ ಕೇಳುವುದು, ಇದೇ ನನ್ನ ಕೆಲಸ. ಹಾಗಾಗಿ ಹೆಸರಿನಿಂದ ನಾನು ಬಯಸುವುದು ಇಷ್ಟೇ. ಚೀಟಿ ಓದಿದವರಿಗೆ ಒಳಗೆ ಏನಿದೆ ಅಂತ ಅನುಮಾನ ಉಳಿಯಬಾರದು. ಹೆಸರು ನೋಡಿ ಸೂತ್ರ ಬರೆಯಲು ಬರಬೇಕು. ಬಂದರೆ ಅಷ್ಟು ಹೆಸರು ಸಾಕು. ಬರದಿದ್ದರೆ ಇನ್ನೊಂದು ಮಾತು ಸೇರಿಸಬೇಕು.

ಈಗ ಕ್ಯಾಲ್ಸಿಯಂ ನೋಡಿ. ಸಂಯುಕ್ತಗಳಲ್ಲಿ ಅದು ಎರಡು ಎಲೆಕ್ಟ್ರಾನ್ ಕಳೆದುಕೊಂಡು ಪ್ಲಸ್ ಎರಡು ಆಗುತ್ತದೆ. ನಾವು ನೋಡುವ ಕ್ಯಾಲ್ಸಿಯಂ ಬಾಟಲಿಗಳಲ್ಲಿ ಬೇರೆ ಲೆಕ್ಕವೇ ಇಲ್ಲ. ಕ್ಲೋರೈಡ್ ಮೈನಸ್ ಒಂದು. ಒಟ್ಟು ಸೊನ್ನೆ ಆಗಬೇಕಾದರೆ ಒಂದು ಕ್ಯಾಲ್ಸಿಯಂಗೆ ಎರಡು ಕ್ಲೋರೈಡ್ ಬರಲೇಬೇಕು. ‘ಕ್ಯಾಲ್ಸಿಯಂ ಕ್ಲೋರೈಡ್’ ಅಂದ ಕೂಡಲೇ ಸೂತ್ರ ತಾನಾಗಿಯೇ ಬಂತು. ‘ಡೈ’ ಅಂತ ಹೇಳಿದರೆ ಗೊತ್ತಿರುವುದನ್ನೇ ಮತ್ತೆ ಹೇಳಿದ ಹಾಗೆ.

ನೈಟ್ರೋಜನ್ ಮತ್ತು ಆಕ್ಸಿಜನ್ ಜೋಡಿ ಹಾಗಲ್ಲ. ಎರಡು ನೈಟ್ರೋಜನ್‌ಗೆ ಒಂದು ಆಕ್ಸಿಜನ್ ಇರುವುದಿದೆ. ಒಂದಕ್ಕೆ ಒಂದು, ಎರಡಕ್ಕೆ ಮೂರು, ಒಂದಕ್ಕೆ ಎರಡು, ಎರಡಕ್ಕೆ ನಾಲ್ಕು, ಎರಡಕ್ಕೆ ಐದು ಕೂಡ ಇವೆ. ಎಲ್ಲವೂ ಬೇರೆ ಬೇರೆ ವಸ್ತು. ಮೊದಲನೆಯದನ್ನು ದಂತವೈದ್ಯರು ನೋವು ಕಡಿಮೆ ಮಾಡಲು ಮೂಗಿಗೆ ಹಿಡಿಯುತ್ತಾರೆ. ಒಂದಕ್ಕೆ ಎರಡು ಇರುವುದು ಕಂದು ಬಣ್ಣದ ವಿಷದ ಗಾಳಿ. ಬರೀ ‘ನೈಟ್ರೋಜನ್ ಆಕ್ಸೈಡ್’ ಅಂತ ಚೀಟಿ ಹಚ್ಚಿದರೆ ಯಾರು ನಂಬಿಕೊಂಡು ಮುಚ್ಚಳ ತೆಗೆಯುತ್ತಾರೆ ಹೇಳಿ? ಅದಕ್ಕೇ ಎಣಿಸಿ ಹೇಳುವುದು. ಡೈನೈಟ್ರೋಜನ್ ಮಾನಾಕ್ಸೈಡ್, ನೈಟ್ರೋಜನ್ ಡೈಆಕ್ಸೈಡ್, ಡೈನೈಟ್ರೋಜನ್ ಟೆಟ್ರಾಕ್ಸೈಡ್, ಹೀಗೆ.

ಒಬ್ಬನೇ ಮಗ ಇರುವ ಮನೆಯಲ್ಲಿ ‘ಅವರ ಮಗ’ ಅಂದರೆ ಸಾಕು. ಮೂವರಿದ್ದರೆ ದೊಡ್ಡವನೋ, ನಡುವಿನವನೋ, ಕಿರಿಯವನೋ ಅಂತ ಹೇಳಲೇಬೇಕು. ಕೆಮಿಸ್ಟ್ರಿಯೂ ಇಷ್ಟನ್ನೇ ಮಾಡುತ್ತದೆ.

ಇನ್ನು ಕಬ್ಬಿಣ. ಇದು ಲೋಹವಾದರೂ ಕ್ಯಾಲ್ಸಿಯಂ ಥರ ಒಂದೇ ಮಾತಿನ ಮೇಲೆ ನಿಲ್ಲುವುದಿಲ್ಲ. ಪ್ಲಸ್ ಎರಡೂ ಆಗುತ್ತದೆ, ಪ್ಲಸ್ ಮೂರೂ ಆಗುತ್ತದೆ. ನೀವು ಸಿಕ್ಕಿಹಾಕಿಕೊಂಡಿರುವುದು ಇಲ್ಲೇ. ರೋಮನ್ ಅಂಕಿಯಲ್ಲಿ ಬರೆಯುವ ಆ ಟೂ, ತ್ರೀ ಪರಮಾಣುಗಳ ಎಣಿಕೆ ಅಲ್ಲ. ಅದು ಲೋಹದ ಮೇಲಿನ ಚಾರ್ಜ್. ಕಾಪರ್ ಟೂ ಆಕ್ಸೈಡ್ ಅಂದರೆ ತಾಮ್ರ ಪ್ಲಸ್ ಎರಡು. ಆಕ್ಸೈಡ್ ಮೈನಸ್ ಎರಡು. ಒಂದಕ್ಕೊಂದು ಸರಿಹೋಯಿತು, ಹಾಗಾಗಿ ಒಂದು ತಾಮ್ರಕ್ಕೆ ಒಂದು ಆಕ್ಸಿಜನ್. ಕಾಪರ್ ಒನ್ ಆಕ್ಸೈಡ್ ಆದರೆ ತಾಮ್ರ ಪ್ಲಸ್ ಒಂದು, ಆಗ ಒಂದು ಆಕ್ಸಿಜನ್‌ಗೆ ಎರಡು ತಾಮ್ರ ಬೇಕು. ಹೆಸರಿನಲ್ಲಿ ‘ಒನ್’ ಇರುವುದರಲ್ಲಿ ತಾಮ್ರ ಎರಡು, ‘ಟೂ’ ಇರುವುದರಲ್ಲಿ ತಾಮ್ರ ಒಂದು! ಮಕ್ಕಳು ಗೊಂದಲ ಮಾಡಿಕೊಳ್ಳುವುದು ಸಹಜ. ಬಣ್ಣ ನೋಡಿದರೆ ಮಾತ್ರ ಗೊಂದಲವೇ ಇಲ್ಲ. ‘ಒನ್’ ಇರುವುದು ಕೆಂಪು ಪುಡಿ, ‘ಟೂ’ ಇರುವುದು ಕಪ್ಪು.

ಹಳೆಯ ಬಾಟಲಿಗಳಲ್ಲಿ ಫೆರಸ್, ಫೆರಿಕ್, ಕ್ಯುಪ್ರಸ್, ಕ್ಯುಪ್ರಿಕ್ ಅಂತ ಇನ್ನೂ ಇದೆ. ‘ಅಸ್’ ಅಂದರೆ ಕಡಿಮೆ ಚಾರ್ಜ್, ‘ಇಕ್’ ಅಂದರೆ ಜಾಸ್ತಿ. ಆದರೆ ಎಷ್ಟು ಕಡಿಮೆ, ಎಷ್ಟು ಜಾಸ್ತಿ ಅಂತ ಅದು ಹೇಳುವುದಿಲ್ಲ. ಫೆರಸ್ (ಕಬ್ಬಿಣ) ಅಂದರೆ ಎರಡು, ಕ್ಯುಪ್ರಸ್ (ತಾಮ್ರ) ಅಂದರೆ ಒಂದು. ಸ್ಟ್ಯಾನಿಕ್ (ತವರ) ಅಂದರೆ ನಾಲ್ಕು, ಫೆರಿಕ್ ಅಂದರೆ ಮೂರು. ಲೋಹ ಒಂದೊಂದಕ್ಕೂ ನೆನಪಿಡಬೇಕು. ಈ ತಲೆನೋವು ತಪ್ಪಿಸಲು ಆಲ್ಫ್ರೆಡ್ ಸ್ಟಾಕ್ ಅನ್ನುವ ಜರ್ಮನ್ ರಸಾಯನ ವಿಜ್ಞಾನಿ 1919ರಲ್ಲಿ ‘ಚಾರ್ಜನ್ನೇ ಅಂಕಿಯಲ್ಲಿ ಬರೆದುಬಿಡಿ’ ಅಂತ ಸೂಚಿಸಿದ. ಪುಣ್ಯಾತ್ಮ. ಪಾದರಸ ತುಂಬಿದ ಉಪಕರಣಗಳ ಜೊತೆ ವರ್ಷಗಟ್ಟಲೆ ಕೆಲಸ ಮಾಡಿ, ಅದರ ಆವಿಯಿಂದ ಆರೋಗ್ಯ ಕೆಡಿಸಿಕೊಂಡ. 1926ರಲ್ಲಿ ಪಾದರಸದ ಅಪಾಯದ ಬಗ್ಗೆ ಎಲ್ಲರಿಗೂ ಎಚ್ಚರಿಕೆ ಕೊಟ್ಟು ಬರೆದವನೂ ಅವನೇ. ನಮ್ಮ ಸ್ಟೋರ್‌ನಲ್ಲಿ ಪಾದರಸದ ಬಾಟಲಿ ಮುಟ್ಟುವಾಗ ನನಗೆ ಅವನ ನೆನಪಾಗುತ್ತದೆ.

ಟೈಟಾನಿಯಂ ಡೈಆಕ್ಸೈಡ್ ಅಪವಾದ ಅಲ್ಲ. ಟೈಟಾನಿಯಂ ಕೂಡ ಪ್ಲಸ್ ಎರಡು, ಮೂರು, ನಾಲ್ಕು ಆಗಬಲ್ಲದು. ಹಾಗಾಗಿ ಯಾವುದು ಅಂತ ಹೇಳಲೇಬೇಕು. ಹೇಳಲು ಎರಡು ದಾರಿ ಇವೆ. ಚಾರ್ಜ್ ಹೇಳಿ, ಟೈಟಾನಿಯಂ ಫೋರ್ ಆಕ್ಸೈಡ್. ಇಲ್ಲವೇ ಎಣಿಸಿ ಹೇಳಿ, ಟೈಟಾನಿಯಂ ಡೈಆಕ್ಸೈಡ್. ಎರಡರಿಂದಲೂ ಅದೇ ಸೂತ್ರ ಸಿಗುತ್ತದೆ, ನಿಯಮದ ಪ್ರಕಾರ ಎರಡೂ ಸರಿ. ಮ್ಯಾಂಗನೀಸ್‌ಗೂ ಇದೇ ಮಾತು. ಹಾಗಾಗಿ ಮೇಡಂ, ‘ಡೈ’ ಇದ್ದರೆ ಸಹವೇಲೆನ್ಸೀಯ, ಇಲ್ಲದಿದ್ದರೆ ಅಯಾನಿಕ ಅಂತ ಹೆಸರಿನಿಂದ ಬಂಧ ಊಹಿಸಲು ಹೋಗಬೇಡಿ. ಗೈಡಿನ ಆ ಸಾಲು ನಿಮ್ಮನ್ನು ದಾರಿ ತಪ್ಪಿಸಿದ್ದು ಅಲ್ಲೇ.

ಇನ್ನೊಂದು ಉದಾಹರಣೆ ಹೇಳಿ ಮುಗಿಸುತ್ತೇನೆ, ಇದು ನನಗೆ ತುಂಬ ಇಷ್ಟ. ಮೈಲುತುತ್ತದ ಬಾಟಲಿ ಮೇಲೆ ‘ಕಾಪರ್ ಟೂ ಸಲ್ಫೇಟ್ ಪೆಂಟಾಹೈಡ್ರೇಟ್’ ಅಂತಿರುತ್ತದೆ. ತಾಮ್ರ ಮತ್ತು ಸಲ್ಫೇಟ್‌ಗೆ ಎಣಿಕೆ ಇಲ್ಲ, ಯಾಕೆಂದರೆ ಪ್ಲಸ್ ಎರಡು, ಮೈನಸ್ ಎರಡು, ಅಲ್ಲಿಗೆ ಮುಗಿಯಿತು. ನೀರಿಗೆ ಮಾತ್ರ ‘ಪೆಂಟಾ’ ಅಂತ ಎಣಿಕೆ ಇದೆ. ಯಾಕೆ? ನೀರಿಗೆ ಚಾರ್ಜ್ ಇಲ್ಲ. ಹರಳಿನಲ್ಲಿ ನೀರು ಒಂದು ಇದೆಯೋ ಐದು ಇದೆಯೋ ಅಂತ ಯಾವ ಲೆಕ್ಕದಿಂದಲೂ ತಿಳಿಯುವುದಿಲ್ಲ, ಎಣಿಸಿಯೇ ಹೇಳಬೇಕು. ಲೆಕ್ಕದಿಂದ ಸಿಗುವುದನ್ನು ಬಿಟ್ಟು, ಸಿಗದೇ ಇರುವುದನ್ನಷ್ಟೇ ಹೇಳುವ ಪದ್ಧತಿ ಒಂದೇ ಚೀಟಿಯಲ್ಲಿ ಕಾಣುತ್ತದೆ.

ಈ ‘ಪೆಂಟಾ’ ಬರೀ ಅಲಂಕಾರಕ್ಕಲ್ಲ. ನೀಲಿ ಹರಳಿನ ಒಂದು ಮೋಲ್ (ಕೆಮಿಸ್ಟ್ರಿಯಲ್ಲಿ ಕಣಗಳನ್ನು ಎಣಿಸುವ ಅಳತೆ) ತೂಗಿದರೆ 249.7 ಗ್ರಾಂ. ನೀರು ಹೋಗುವ ತನಕ ಕಾಯಿಸಿದರೆ ಬಿಳಿ ಪುಡಿ ಉಳಿಯುತ್ತದೆ, ಅದು 159.6 ಗ್ರಾಂ. ಅಂದರೆ ನೂರು ಗ್ರಾಂ ನೀಲಿ ಹರಳಿನಲ್ಲಿ 36 ಗ್ರಾಂ ಬರೀ ನೀರು. ಚೀಟಿಯ ಕೊನೆಯ ಪದ ನೋಡದೆ ತೂಗಿದರೆ ದ್ರಾವಣದ ಲೆಕ್ಕ ಪೂರ್ತಿ ಕೆಟ್ಟಿತು ಅಂತಲೇ ಅರ್ಥ.

ಮರಳಿ_ಶಾಲೆಗೆ:

ಸರ್, ಇಷ್ಟು ಬಿಡಿಸಿ ಹೇಳಿದ್ದಕ್ಕೆ ತುಂಬ ಧನ್ಯವಾದ. ಮಗಳಿಗೆ ಓದಿ ಹೇಳಿದೆ. ‘ಕಾಪರ್ ಒನ್‌ನಲ್ಲಿ ತಾಮ್ರ ಎರಡು’ ಅನ್ನುವುದು ಅವಳಿಗೆ ತಮಾಷೆಯಾಗಿ ಕಂಡಿತು, ಈಗ ನನ್ನನ್ನೇ ಪರೀಕ್ಷೆ ಮಾಡುತ್ತಿದ್ದಾಳೆ.

ಎರಡು ಅನುಮಾನ ಉಳಿದಿವೆ. ಯಾವ ಲೋಹಕ್ಕೆ ಒಂದೇ ಚಾರ್ಜ್, ಯಾವುದಕ್ಕೆ ಜಾಸ್ತಿ ಅಂತ ತಿಳಿಯುವುದು ಹೇಗೆ? ಎರಡನೆಯದು, ಹೈಡ್ರೋಜನ್ ಸಲ್ಫೈಡ್. ಎರಡು ಹೈಡ್ರೋಜನ್, ಒಂದು ಗಂಧಕ. ಎರಡೂ ಅಲೋಹ. ಆದರೂ ‘ಡೈ’ ಇಲ್ಲ!

ಬಾಟಲಿಚೀಟಿ:

ಮೊದಲನೆಯದಕ್ಕೆ ಆವರ್ತ ಕೋಷ್ಟಕ ತೆಗೆಯಿರಿ. ಎಡತುದಿಯ ಮೊದಲ ಕಂಬ, ಅಂದರೆ ಲಿಥಿಯಂ, ಸೋಡಿಯಂ, ಪೊಟ್ಯಾಸಿಯಂ ಎಲ್ಲ ಪ್ಲಸ್ ಒಂದು. ಎರಡನೇ ಕಂಬ, ಮೆಗ್ನೀಸಿಯಂ, ಕ್ಯಾಲ್ಸಿಯಂ, ಬೇರಿಯಂ ಎಲ್ಲ ಪ್ಲಸ್ ಎರಡು. ಅಲ್ಯೂಮಿನಿಯಂ ಪ್ಲಸ್ ಮೂರು. ಇವಕ್ಕೆ ಅಂಕಿ ಬೇಡ. ನಡುಭಾಗದಲ್ಲಿ ಸತು ಪ್ಲಸ್ ಎರಡು ಮತ್ತು ಬೆಳ್ಳಿ ಪ್ಲಸ್ ಒಂದು ಅಂತ ಇಟ್ಟುಕೊಳ್ಳಿ, ಅವಕ್ಕೂ ಸಾಮಾನ್ಯವಾಗಿ ಅಂಕಿ ಹಾಕುವುದಿಲ್ಲ. ನಡುಭಾಗದ ಉಳಿದವಕ್ಕೆ, ಜೊತೆಗೆ ತವರ, ಸೀಸಕ್ಕೆ ಅಂಕಿ ಹಾಕಿ. ಬಲಗಡೆಯಿಂದ ನೋಡಿದರೆ ಕ್ಲೋರಿನ್ ಕಂಬ ಮೈನಸ್ ಒಂದು, ಆಕ್ಸಿಜನ್ ಕಂಬ ಮೈನಸ್ ಎರಡು, ನೈಟ್ರೋಜನ್ ಮೈನಸ್ ಮೂರು. ಶುರುವಿನ ಪಾಠಕ್ಕೆ ಇದು ಧಾರಾಳ.

ಹೈಡ್ರೋಜನ್ ಸಲ್ಫೈಡ್‌ಗೆ ಉತ್ತರ ನೀವೇ ಹೇಳಬಹುದಿತ್ತು. ಹೈಡ್ರೋಜನ್‌ಗೆ ವೇಲೆನ್ಸಿ ಒಂದು. ಸಲ್ಫೈಡ್‌ಗೆ ಎರಡು. ಲೆಕ್ಕ ತಾನಾಗಿಯೇ ಬರುತ್ತದೆ, ಎಣಿಸುವುದು ಯಾಕೆ? ಡೈಹೈಡ್ರೋಜನ್ ಸಲ್ಫೈಡ್ ಅಂದರೂ ತಪ್ಪಿಲ್ಲ, ಯಾರೂ ಅನ್ನುವುದಿಲ್ಲ ಅಷ್ಟೇ.

ಸ್ಫಟಿಕ:

ಬಾಟಲಿಚೀಟಿ ಅವರೇ, ಹೆಸರಿನ ವಿಷಯ ಚೆನ್ನಾಗಿ ಹೇಳಿದಿರಿ. ಆದರೆ ಬಂಧ ಹೇಗೆ ಗುರುತಿಸುವುದು ಅಂತಲೂ ಅವರು ಕೇಳಿದ್ದರು, ಅದನ್ನು ದಾಟಿಸಿಬಿಟ್ಟಿರಿ. ಅದಕ್ಕೆ ಅಳತೆಗೋಲು ಇದೆಯಲ್ಲ. ಲೈನಸ್ ಪೌಲಿಂಗ್ 1932ರಲ್ಲಿ ಎಲೆಕ್ಟ್ರೋನೆಗೆಟಿವಿಟಿ ಅಂಕಿಗಳನ್ನು ಕೊಟ್ಟರು. ಎಲೆಕ್ಟ್ರಾನ್‌ಗಳನ್ನು ತನ್ನ ಕಡೆ ಎಳೆದುಕೊಳ್ಳುವ ಶಕ್ತಿ ಯಾವ ಧಾತುವಿಗೆ ಎಷ್ಟು ಅನ್ನುವುದರ ಲೆಕ್ಕ ಅದು. ಸೋಡಿಯಂ 0.93, ಕ್ಲೋರಿನ್ 3.16. ವ್ಯತ್ಯಾಸ 2.23. 1.7ಕ್ಕಿಂತ ಜಾಸ್ತಿ ಇದ್ದರೆ ಅಯಾನಿಕ, ಕಡಿಮೆ ಇದ್ದರೆ ಸಹವೇಲೆನ್ಸೀಯ. ಕಾರ್ಬನ್ 2.55, ಆಕ್ಸಿಜನ್ 3.44, ವ್ಯತ್ಯಾಸ 0.89, ಹಾಗಾಗಿ ಸಹವೇಲೆನ್ಸೀಯ. ಕಳೆಯುವ ಲೆಕ್ಕ ಬಂದರೆ ಸಾಕು.

ಬಾಟಲಿಚೀಟಿ:

ದಾಟಿಸಿದ್ದು ಬೇಕಂತಲೇ, ಎರಡನ್ನೂ ಒಟ್ಟಿಗೆ ಹೇಳಿದರೆ ಗಂಟಾಗುತ್ತದೆ ಅಂತ. ಈಗ ನೀವು ಎತ್ತಿದ್ದರಿಂದ ಹೇಳುತ್ತೇನೆ.

1.7 ಅನ್ನುವುದು ಗೋಡೆ ಅಲ್ಲ. ಪೌಲಿಂಗ್ ಸೂತ್ರದ ಪ್ರಕಾರ ವ್ಯತ್ಯಾಸ 1.7 ಇದ್ದಾಗ ಬಂಧ ಸುಮಾರು ಅರ್ಧ ಅಯಾನಿಕ, ಅರ್ಧ ಸಹವೇಲೆನ್ಸೀಯ. ಅಷ್ಟೇ ಅದರ ಅರ್ಥ. 1.6ಕ್ಕೂ 1.8ಕ್ಕೂ ನಡುವೆ ಏನೂ ಪವಾಡ ನಡೆಯುವುದಿಲ್ಲ.

ಹೈಡ್ರೋಜನ್ ಫ್ಲೋರೈಡ್‌ಗೆ ನಿಮ್ಮ ಲೆಕ್ಕ ಹಾಕಿ. ಫ್ಲೋರಿನ್ 3.98, ಹೈಡ್ರೋಜನ್ 2.20. ವ್ಯತ್ಯಾಸ 1.78. ಅಯಾನಿಕ ಆಗಬೇಕಿತ್ತು, ಅಲ್ವಾ? ಅದು ಕುದಿಯುವುದು ಬರೀ 19.5 ಡಿಗ್ರಿಯಲ್ಲಿ. ಅಣುಗಳಾಗಿರುವ ವಸ್ತು. ಈಗ ಸೋಡಿಯಂ ಹೈಡ್ರೈಡ್ ನೋಡಿ. ವ್ಯತ್ಯಾಸ 1.27. ಸಹವೇಲೆನ್ಸೀಯ ಆಗಬೇಕಿತ್ತು. ಆದರೆ ಅದರಲ್ಲಿರುವುದು ಪ್ಲಸ್ ಸೋಡಿಯಂ, ಮೈನಸ್ ಹೈಡ್ರೋಜನ್. ಉಪ್ಪಿನ ಥರದ್ದೇ ಹರಳು.

ಸ್ಟೋರ್‌ನಲ್ಲಿ ನಾನು ಕಂಡಿರುವುದು ಹೇಳುತ್ತೇನೆ. ಟೈಟಾನಿಯಂ ಫೋರ್ ಕ್ಲೋರೈಡ್. ಲೋಹ, ಅಲೋಹ ಸೇರಿದ್ದು. ಕೊನೆಬೆಂಚು ಅವರ ನಿಯಮವನ್ನು ಗೈಡಿನ ಸಾಲಿಗೆ ಜೋಡಿಸಿದರೆ ಅಪ್ಪಟ ಅಯಾನಿಕ. ಆದರೆ ಬಾಟಲಿಯಲ್ಲಿ ಅದು ನೀರಿನಷ್ಟು ತಿಳಿಯಾದ ದ್ರವ! 136 ಡಿಗ್ರಿಗೆ ಕುದಿದುಹೋಗುತ್ತದೆ. ಸೋಡಿಯಂ ಕ್ಲೋರೈಡ್ ಕರಗಲಿಕ್ಕೇ 801 ಡಿಗ್ರಿ ಬೇಕು. ಹೊಗೆ ಎಳೆಯುವ ಕಪಾಟಿನ ಒಳಗೆ ಇಟ್ಟು ಮುಚ್ಚಳ ಸ್ವಲ್ಪ ಸಡಿಲ ಮಾಡಿದರೂ ಸಾಕು, ಬಾಯಿಂದ ದಟ್ಟ ಬಿಳಿ ಹೊಗೆ ಸುರುಳಿ ಸುರುಳಿಯಾಗಿ ಏಳುತ್ತದೆ. ಗಾಳಿಯಲ್ಲಿರುವ ತೇವ ತಗುಲಿ ಟೈಟಾನಿಯಂ ಡೈಆಕ್ಸೈಡ್‌ನ ನುಣ್ಣನೆ ಕಣಗಳು ಮತ್ತು ಹೈಡ್ರೋಜನ್ ಕ್ಲೋರೈಡ್ ಆಗುತ್ತದೆ. ಹಿಂದೆ ಯುದ್ಧದಲ್ಲಿ ಹೊಗೆಯ ತೆರೆ ಎಬ್ಬಿಸಲು ಇದನ್ನೇ ಬಳಸುತ್ತಿದ್ದರು. ಮುಚ್ಚಳದ ಸುತ್ತ ಬಿಳಿ ಪುಡಿ ಹೆಪ್ಪುಗಟ್ಟಿ ಕಚ್ಚಿಕೊಳ್ಳುತ್ತದೆ, ಚೀಟಿಯನ್ನೂ ತಿಂದುಹಾಕುತ್ತದೆ. ನಾನು ಅತಿ ಹೆಚ್ಚು ಸಲ ಚೀಟಿ ಬದಲಾಯಿಸಿರುವುದು ಈ ಬಾಟಲಿಗೇ.

ತವರದ ಎರಡು ಕ್ಲೋರೈಡ್ ಇನ್ನೂ ಚೆನ್ನಾಗಿ ಹೇಳುತ್ತವೆ. ಟಿನ್ ಟೂ ಕ್ಲೋರೈಡ್ ಬಿಳಿ ಘನ, 247 ಡಿಗ್ರಿಗೆ ಕರಗುತ್ತದೆ. ಟಿನ್ ಫೋರ್ ಕ್ಲೋರೈಡ್ ದ್ರವ, 114 ಡಿಗ್ರಿಗೆ ಕುದಿಯುತ್ತದೆ. ಅದೇ ತವರ, ಅದೇ ಕ್ಲೋರಿನ್. ಎಲೆಕ್ಟ್ರೋನೆಗೆಟಿವಿಟಿ ಪಟ್ಟಿಯಲ್ಲಿ ತವರಕ್ಕೆ ಒಂದೇ ಅಂಕಿ ಇಟ್ಟುಕೊಂಡು ಕಳೆದರೆ ಎರಡಕ್ಕೂ ಒಂದೇ ಉತ್ತರ ಬರುತ್ತದೆ. ಬಾಟಲಿ ಅಲುಗಾಡಿಸಿ ನೋಡಿದರೆ ಹಾಗಿಲ್ಲ.

ಇದಕ್ಕೆ ಕಾರಣವನ್ನು ಫಾಯಾನ್ಸ್ ಅನ್ನುವವರು 1923ರಲ್ಲೇ ಹೇಳಿದ್ದರು. ಲೋಹದ ಅಯಾನು, ಅಂದರೆ ಚಾರ್ಜ್ ಇರುವ ಪರಮಾಣು, ಚಿಕ್ಕದಾದಷ್ಟೂ, ಅದರ ಚಾರ್ಜ್ ಜಾಸ್ತಿಯಾದಷ್ಟೂ, ಪಕ್ಕದ ಮೈನಸ್ ಅಯಾನಿನ ಎಲೆಕ್ಟ್ರಾನ್ ಮೋಡವನ್ನು ತನ್ನ ಕಡೆ ಜಗ್ಗುತ್ತದೆ. ಮೋಡ ಅಷ್ಟು ವಾಲಿದ ಮೇಲೆ ಅದು ಕೊಟ್ಟದ್ದೋ, ಹಂಚಿಕೊಂಡದ್ದೋ ಅಂತ ಗೆರೆ ಎಳೆಯಲು ಬರುವುದಿಲ್ಲ. ಪ್ಲಸ್ ನಾಲ್ಕು ಅನ್ನುವುದು ಆ ಮಟ್ಟಿಗೆ ಕಾಗದದ ಮೇಲಿನ ಲೆಕ್ಕ. ಮೈನಸ್ ಅಯಾನು ದೊಡ್ಡದಾದರೆ ಜಗ್ಗುವುದು ಇನ್ನೂ ಸುಲಭ. ಅಲ್ಯೂಮಿನಿಯಂ ಫ್ಲೋರೈಡ್ ಸಾವಿರ ಡಿಗ್ರಿ ದಾಟಿದರೂ ಘನವಾಗಿಯೇ ಕೂತಿರುತ್ತದೆ. ಅಲ್ಯೂಮಿನಿಯಂ ಕ್ಲೋರೈಡ್ ಸುಮಾರು 180 ಡಿಗ್ರಿಗೇ ಘನದಿಂದ ನೇರ ಆವಿಯಾಗಿ ಎದ್ದುಹೋಗುತ್ತದೆ. ಹೆಸರು ಇಡುವಾಗ ಮಾತ್ರ ಎರಡಕ್ಕೂ ಒಂದೇ ಪದ್ಧತಿ.

ಹಾಗಾಗಿ ಮೇಡಂ, ಮಗಳಿಗೆ ಲೋಹ ಮತ್ತು ಅಲೋಹ ಅನ್ನುವ ಊಹೆಯಿಂದಲೇ ಶುರು ಮಾಡಿಸಿ, ಪರವಾಗಿಲ್ಲ. ಆಮೇಲೆ ವಸ್ತುವನ್ನೇ ಕೇಳುವ ಅಭ್ಯಾಸ ಆಗಲಿ. ಎಷ್ಟು ಡಿಗ್ರಿಗೆ ಕರಗುತ್ತದೆ? ಕರಗಿದ ಮೇಲೆ ವಿದ್ಯುತ್ ಹರಿಯುತ್ತದೆಯೇ? ಉಪ್ಪಿನ ಹರಳಿನಲ್ಲಿ ಹರಿಯುವುದಿಲ್ಲ, ಕರಗಿದ ಉಪ್ಪಿನಲ್ಲಿ ಹರಿಯುತ್ತದೆ. ಅಯಾನುಗಳಿಗೆ ಅಲುಗಾಡಲು ಜಾಗ ಸಿಕ್ಕಿತಲ್ಲ, ಅದಕ್ಕೆ.

ಸ್ಫಟಿಕ:

ಟಿನ್ ಉದಾಹರಣೆ ಒಪ್ಪಿದೆ. 1.7 ಅನ್ನು ಮೊದಲ ಅಂದಾಜು ಅಂತ ಇಟ್ಟುಕೊಳ್ಳೋಣ.

ಉಪ್ಪಿನ ಮಾತು ಬಂತಲ್ಲ, ಒಂದು ಸೇರಿಸುತ್ತೇನೆ. ಉಪ್ಪಿನ ಹರಳಿನಲ್ಲಿ ‘ಒಂದು ಸೋಡಿಯಂ, ಒಂದು ಕ್ಲೋರಿನ್’ ಅಂತ ಜೋಡಿ ಕಟ್ಟಿಕೊಂಡ ಅಣು ಇಲ್ಲವೇ ಇಲ್ಲ. ಒಂದೊಂದು ಸೋಡಿಯಂ ಸುತ್ತ ಆರು ಕ್ಲೋರಿನ್, ಒಂದೊಂದು ಕ್ಲೋರಿನ್ ಸುತ್ತ ಆರು ಸೋಡಿಯಂ. 1913ರಲ್ಲಿ ಲಾರೆನ್ಸ್ ಬ್ರ್ಯಾಗ್ ಎಕ್ಸ್‌ರೇ ಹಾಯಿಸಿ ಇದನ್ನು ತೋರಿಸಿದಾಗ ಕೆಲವರಿಗೆ ಸಹಿಸಲಾಗಲಿಲ್ಲ. ಹೆನ್ರಿ ಆರ್ಮ್‌ಸ್ಟ್ರಾಂಗ್ ಅನ್ನುವ ಹಿರಿಯ ಇಂಗ್ಲಿಷ್ ರಸಾಯನ ವಿಜ್ಞಾನಿ 1927ರಲ್ಲೂ ನೇಚರ್ ಪತ್ರಿಕೆಗೆ ಪತ್ರ ಬರೆದು, ಉಪ್ಪನ್ನು ಚದುರಂಗದ ಹಾಸು ಮಾಡಿಬಿಟ್ಟರು ಅಂತ ರೇಗಾಡಿದ್ದರು. ಅಷ್ಟು ಹೊತ್ತಿಗೆ ಬ್ರ್ಯಾಗ್ ಅಪ್ಪ ಮಗ ಇಬ್ಬರಿಗೂ ನೊಬೆಲ್ ಬಂದು ಹನ್ನೆರಡು ವರ್ಷ ಆಗಿತ್ತು!

ಹಾಗಾಗಿ ಅಯಾನಿಕ ವಸ್ತುವಿನ ಸೂತ್ರ ಅಂದರೆ ಬರೀ ಅನುಪಾತ. ಅಣುಗಳಿರುವ ವಸ್ತುವಿನ ಸೂತ್ರ ಅಂದರೆ ಒಂದು ಅಣುವಿನಲ್ಲಿ ನಿಜಕ್ಕೂ ಎಷ್ಟೆಷ್ಟು ಪರಮಾಣು ಇವೆ ಅನ್ನುವ ಎಣಿಕೆ.

ಬಾಟಲಿಚೀಟಿ:

ಒಳ್ಳೆಯ ಮಾತು ಎತ್ತಿದಿರಿ. ನೈಟ್ರೋಜನ್ ಡೈಆಕ್ಸೈಡ್, ಡೈನೈಟ್ರೋಜನ್ ಟೆಟ್ರಾಕ್ಸೈಡ್ ಎರಡರಲ್ಲೂ ಅನುಪಾತ ಒಂದಕ್ಕೆ ಎರಡೇ. ಆದರೂ ಎರಡನೆಯದನ್ನು ಎರಡರಿಂದ ಭಾಗಿಸಿ ಚಿಕ್ಕದು ಮಾಡುವ ಹಾಗಿಲ್ಲ. ಗಾಜಿನ ಕೊಳವೆಯಲ್ಲಿ ಈ ಗಾಳಿ ತುಂಬಿ ಬಾಯಿ ಬೆಸುಗೆ ಹಾಕಿ ಇಟ್ಟಿರುತ್ತಾರೆ. ಬಿಸಿನೀರಲ್ಲಿ ಅದ್ದಿದರೆ ಕಂದು ಬಣ್ಣ ಗಾಢವಾಗುತ್ತದೆ. ಮಂಜುಗಡ್ಡೆಯಲ್ಲಿ ಇಟ್ಟರೆ ಬಣ್ಣ ಮಾಸುತ್ತಾ ಬರುತ್ತದೆ. ತಣ್ಣಗಾದಾಗ ಕಂದು ಅಣುಗಳು ಎರಡೆರಡು ಸೇರಿಕೊಂಡು ಬಣ್ಣವಿಲ್ಲದ ಟೆಟ್ರಾಕ್ಸೈಡ್ ಆಗುತ್ತವೆ, ಬಿಸಿಗೆ ಮತ್ತೆ ಬಿಡಿಸಿಕೊಳ್ಳುತ್ತವೆ. ಕೊಳವೆಯಿಂದ ಒಂದು ಪರಮಾಣುವೂ ಹೊರಗೆ ಹೋಗಿಲ್ಲ, ಒಳಗೆ ಬಂದಿಲ್ಲ. ಹೆಸರು ಬದಲಾಯಿತು.

ಚೀಟಿ ಬರೆಯುವವರೇ ಈ ವಿಷಯದಲ್ಲಿ ಸೋಮಾರಿಗಳು ಅಂತಲೂ ಹೇಳಬೇಕು. ಫಾಸ್ಫರಸ್ ಪೆಂಟಾಕ್ಸೈಡ್ ಅಂತ ಬರುವ ಬಿಳಿ ಪುಡಿಯ ಅಣುವಿನಲ್ಲಿ ನಾಲ್ಕು ಫಾಸ್ಫರಸ್, ಹತ್ತು ಆಕ್ಸಿಜನ್ ಇವೆ. ಅಣು ಗೊತ್ತಾಗುವ ಮೊದಲು ಅನುಪಾತ ನೋಡಿ ಇಟ್ಟ ಹೆಸರು ಹಾಗೇ ಉಳಿದುಕೊಂಡಿದೆ.

ಕೊನೆಬೆಂಚು:

ಸರ್, ನಾನು ‘ಬಿಟ್ಟಾಕಿ’ ಅಂದಿದ್ದನ್ನು ನೀವು ಬಿಡುವ ಹಾಗೆ ಕಾಣುವುದಿಲ್ಲ. ಇರಲಿ, ನನಗೂ ಒಂದು ಕೇಳುವುದಿದೆ. ಸಲ್ಫೈಡ್, ಸಲ್ಫೈಟ್, ಸಲ್ಫೇಟ್. ಮೂರೂ ಒಂದೇ ಥರ ಕೇಳಿಸುತ್ತವೆ. ಸುಲಭದ ದಾರಿ ಇದೆಯಾ?

ಬಾಟಲಿಚೀಟಿ:

‘ಐಡ್’ ಅಂದರೆ ಗಂಧಕ ಒಂಟಿ, ಆಕ್ಸಿಜನ್ ಇಲ್ಲ. ‘ಐಟ್’, ‘ಏಟ್’ ಎರಡರಲ್ಲೂ ಆಕ್ಸಿಜನ್ ಇದೆ, ‘ಏಟ್’ನಲ್ಲಿ ಒಂದು ಜಾಸ್ತಿ. ಸಲ್ಫೈಟ್‌ನಲ್ಲಿ ಮೂರು, ಸಲ್ಫೇಟ್‌ನಲ್ಲಿ ನಾಲ್ಕು. ನೈಟ್ರೈಟ್‌ನಲ್ಲಿ ಎರಡು, ನೈಟ್ರೇಟ್‌ನಲ್ಲಿ ಮೂರು. ಅಂದರೆ ‘ಏಟ್’ ಅಂದ ಕೂಡಲೇ ನಾಲ್ಕು ಅಂತಲ್ಲ, ‘ಐಟ್’ಗಿಂತ ಜಾಸ್ತಿ ಅಂತ ಮಾತ್ರ. ಇಲ್ಲಿ ಸಂಖ್ಯೆ ನೆನಪಿಡಲೇಬೇಕು, ಬಾಯಿಪಾಠಕ್ಕೆ ನಾನೂ ಶರಣು. ಈ ಗುಂಪುಗಳ ಚಾರ್ಜ್ ಕೂಡ ಜೊತೆಗೇ ಕಲಿಯಿರಿ. ಸಲ್ಫೇಟ್ ಮೈನಸ್ ಎರಡು, ನೈಟ್ರೇಟ್ ಮೈನಸ್ ಒಂದು, ಕಾರ್ಬನೇಟ್ ಮೈನಸ್ ಎರಡು, ಫಾಸ್ಫೇಟ್ ಮೈನಸ್ ಮೂರು, ಹೈಡ್ರಾಕ್ಸೈಡ್ ಮೈನಸ್ ಒಂದು.

ಕೇಳಲು ಒಂದೇ ಥರ, ಆದರೆ ಒಂದರ ಬದಲು ಇನ್ನೊಂದು ಕೊಟ್ಟರೆ ಕಥೆ ಮುಗಿಯಿತು. ಸಾರರಿಕ್ತ (ನೀರು ಬೆರೆಸಿದ) ಹೈಡ್ರೋಕ್ಲೋರಿಕ್ ಆಮ್ಲವನ್ನು ಸೋಡಿಯಂ ಸಲ್ಫೇಟ್ ಮೇಲೆ ಹಾಕಿದರೆ ಏನೂ ಆಗುವುದಿಲ್ಲ. ಸಲ್ಫೈಟ್ ಮೇಲೆ ಹಾಕಿದರೆ ಗಂಟಲು ಕಿತ್ತುಬರುವ ಸಲ್ಫರ್ ಡೈಆಕ್ಸೈಡ್. ಸಲ್ಫೈಡ್ ಮೇಲೆ ಹಾಕಿದರೆ ಕೊಳೆತ ಮೊಟ್ಟೆ ನಾತದ ಹೈಡ್ರೋಜನ್ ಸಲ್ಫೈಡ್, ಅದು ಜೋರು ವಿಷ. ನಾತ ಬರುವುದು ನಿಂತಿತು ಅಂದರೆ ಗಾಳಿ ಶುದ್ಧವಾಯಿತು ಅಂದುಕೊಳ್ಳಬೇಡಿ, ಜಾಸ್ತಿ ಇದ್ದಾಗ ಅದು ಮೂಗಿನ ಗ್ರಹಿಕೆಯನ್ನೇ ಕೊಲ್ಲುತ್ತದೆ. ಈ ಮೂರನ್ನೂ ನಾನು ಬೇರೆ ಬೇರೆ ಕಪಾಟಿನಲ್ಲಿ ಇಡುತ್ತೇನೆ. ಅಕ್ಷರಮಾಲೆ ಪ್ರಕಾರ ಪಕ್ಕಪಕ್ಕ ಜೋಡಿಸು ಅಂತ ಹೇಳಿದವರಿಗೆ ಆಗುವುದಿಲ್ಲ ಅಂದಿದ್ದೇನೆ.

ಮರಳಿ_ಶಾಲೆಗೆ:

ಸರ್, ಕೊನೆಯ ಪ್ರಶ್ನೆ, ಇದು ಮಗಳದ್ದು. ಅವಳಿಗೆ ಒಂದು ಬೇರಿಯಂ, ಎರಡು ಆಕ್ಸಿಜನ್ ಇರುವ ಸೂತ್ರ ಎಲ್ಲೋ ಸಿಕ್ಕಿದೆ. ‘ಅಮ್ಮ, ಆಕ್ಸಿಜನ್ ಮೈನಸ್ ಎರಡು, ಎರಡು ಇದ್ದರೆ ಮೈನಸ್ ನಾಲ್ಕು. ಹಾಗಾದರೆ ಬೇರಿಯಂ ಪ್ಲಸ್ ನಾಲ್ಕು. ಆದರೆ ಆ ಅಂಕಲ್ ಎರಡನೇ ಕಂಬ ಎಲ್ಲ ಪ್ಲಸ್ ಎರಡು ಅಂದಿದ್ದಾರಲ್ಲ’ ಅಂತ ಕೇಳುತ್ತಿದ್ದಾಳೆ. ಇದಕ್ಕೆ ಬೇರಿಯಂ ಡೈಆಕ್ಸೈಡ್ ಅನ್ನಬೇಕಾ?

ಬಾಟಲಿಚೀಟಿ:

ಮಗಳಿಗೆ ಶಹಬ್ಬಾಸ್ ಹೇಳಿ. ಲೆಕ್ಕ ಹೊಂದದಿದ್ದಾಗ ಅನುಮಾನ ಪಟ್ಟಳಲ್ಲ, ಅದು ದೊಡ್ಡದು.

ಬೇರಿಯಂ ಇಲ್ಲಿಯೂ ಪ್ಲಸ್ ಎರಡೇ. ಬೇರೆಯಾಗಿರುವುದು ಆಕ್ಸಿಜನ್. ಇಲ್ಲಿ ಎರಡು ಆಕ್ಸಿಜನ್ ಪರಮಾಣು ತಮ್ಮತಮ್ಮಲ್ಲೇ ಸಹವೇಲೆನ್ಸೀಯ ಬಂಧದಿಂದ ಕೈ ಹಿಡಿದುಕೊಂಡು ಒಂದು ಗುಂಪಾಗಿವೆ, ಆ ಇಡೀ ಗುಂಪಿನ ಚಾರ್ಜ್ ಮೈನಸ್ ಎರಡು. ಅದಕ್ಕೆ ಪೆರಾಕ್ಸೈಡ್ ಅಂತ ಹೆಸರು. ವಸ್ತುವಿನ ಹೆಸರು ಬೇರಿಯಂ ಪೆರಾಕ್ಸೈಡ್. ಗುಂಪಿನ ಒಳಗೆ ಸಹವೇಲೆನ್ಸೀಯ, ಗುಂಪಿಗೂ ಬೇರಿಯಂಗೂ ನಡುವೆ ಅಯಾನಿಕ, ಒಂದೇ ಹರಳಿನಲ್ಲಿ ಎರಡೂ ಇವೆ. ಸಲ್ಫೇಟ್, ನೈಟ್ರೇಟ್‌ಗಳಲ್ಲೂ ಹೀಗೇ.

ಪಕ್ಕದಲ್ಲೇ ಲೆಡ್ ಡೈಆಕ್ಸೈಡ್ ಇಟ್ಟು ನೋಡಲಿ. ಅಲ್ಲಿಯೂ ಒಂದು ಲೋಹ, ಎರಡು ಆಕ್ಸಿಜನ್. ಆದರೆ ಅಲ್ಲಿ ಆಕ್ಸಿಜನ್‌ಗಳು ಬಿಡಿ ಬಿಡಿ, ಒಂದೊಂದೂ ಮೈನಸ್ ಎರಡು, ಸೀಸ ಪ್ಲಸ್ ನಾಲ್ಕು. ಸೂತ್ರದ ಆಕಾರ ಒಂದೇ, ಒಳಗಿನ ಲೆಕ್ಕ ಬೇರೆ. ಪರೀಕ್ಷಿಸುವ ದಾರಿಯೂ ಇದೆ. ಬೇರಿಯಂ ಪೆರಾಕ್ಸೈಡ್ ಅನ್ನು ತಣ್ಣಗಿನ ಸಾರರಿಕ್ತ ಸಲ್ಫ್ಯೂರಿಕ್ ಆಮ್ಲಕ್ಕೆ ಹಾಕಿದರೆ ಹೈಡ್ರೋಜನ್ ಪೆರಾಕ್ಸೈಡ್ ಬರುತ್ತದೆ, ಬೇರಿಯಂ ಸಲ್ಫೇಟ್ ಬಿಳಿಯಾಗಿ ತಳಕ್ಕೆ ಕೂರುತ್ತದೆ. ಲೂಯಿ ಥೆನಾರ್ 1818ರಲ್ಲಿ ಹೈಡ್ರೋಜನ್ ಪೆರಾಕ್ಸೈಡ್ ಕಂಡುಹಿಡಿದದ್ದು ಬೇರಿಯಂ ಪೆರಾಕ್ಸೈಡ್‌ಗೆ ಆಮ್ಲ ಹಾಕಿಯೇ. ಲೆಡ್ ಡೈಆಕ್ಸೈಡ್‌ನಿಂದ ಅದು ಬರುವುದಿಲ್ಲ. ಇದನ್ನು ಮನೆಯಲ್ಲಿ ಮಾಡಬೇಡಿ ಮತ್ತೆ, ನೀರಲ್ಲಿ ಅಥವಾ ಆಮ್ಲದಲ್ಲಿ ಕರಗುವ ಬೇರಿಯಂ ವಿಷ.

ಇನ್ನೊಂದು ಸೂಚನೆ. ಸೋಡಿಯಂ ಪೆರಾಕ್ಸೈಡ್‌ನಲ್ಲಿ ಎರಡು ಸೋಡಿಯಂ, ಎರಡು ಆಕ್ಸಿಜನ್. ಅನುಪಾತ ಅಂತ ಅದನ್ನು ಒಂದಕ್ಕೊಂದು ಮಾಡಿಬಿಡಬಾರದು, ಆ ಆಕ್ಸಿಜನ್ ಜೋಡಿಯನ್ನು ಒಡೆದ ಹಾಗಾಗುತ್ತದೆ. ಮರ್ಕ್ಯುರಿ ಒನ್ ಕ್ಲೋರೈಡ್‌ನಲ್ಲಿ ಇದೇ ಕಥೆ ಲೋಹದ ಕಡೆ. ಎರಡು ಪಾದರಸ ಪರಮಾಣು ಜೋಡಿಯಾಗಿ, ಜೋಡಿಗೆ ಪ್ಲಸ್ ಎರಡು. ಆ ಸೂತ್ರವನ್ನು ಅವಳೇ ಬರೆದು ನೋಡಲಿ. ಬಂದ ಉತ್ತರ ಇಲ್ಲಿ ಹಾಕಿ.